‘ಬೇಡ’ ಎನ್ನಲಾರದವರ ಹಾಸಿಗೆ ಪಕ್ಕದಲ್ಲಿ

ಯೌವನಸ್ಥರ ಕೂಟದ ಸಂದೇಶ, ಬರಹ ರೂಪದಲ್ಲಿ
ವಾಕ್ಯಭಾಗ: 2 ಸಮುವೇಲ 19:31-39

ಕೂತ್ಕೊಳ್ಳಿ. ಫೋನಲ್ಲಿ ಸತ್ಯವೇದ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಮುಂದಿನ ತಿಂಗಳಿಂದ ರಾಮನಗರದ ಕಡೆ ಇರುವ ಒಂದು ವೃದ್ಧಾಶ್ರಮಕ್ಕೆ ಸೇವೆಗೆ ಹೋಗ್ತೀವಿ ಅಂತ ನೀವು ತೀರ್ಮಾನ ಮಾಡಿದೀರಿ. ಸಂತೋಷ. ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ನಾನೂ ಇದೀನಿ, ಎಲ್ಲ ಓದಿದೆ. ಬಸ್ ಬಾಡಿಗೆ ಎಷ್ಟು, ಕೇಕ್ ಎಲ್ಲಿಂದ, ಟೀ ಶರ್ಟ್ ಯಾವ ಬಣ್ಣ. ಇದರ ಮಧ್ಯೆ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. ಅಲ್ಲಿರೋ ಅಜ್ಜಿ ಪ್ರಾರ್ಥನೆ ಬೇಡ ಅಂದ್ರೆ ಏನು ಮಾಡೋದು? ಬೇಡ ಅಂತ ಹೇಳೋ ಶಕ್ತಿನೇ ಇಲ್ಲದವರಾದ್ರೆ? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೆಳಗೆ ಮತ್ತೆ ಟೀ ಶರ್ಟ್ ಚರ್ಚೆ ಮುಂದುವರಿದಿತ್ತು. ಇವತ್ತಿನ ಸಂದೇಶ ಆ ಪ್ರಶ್ನೆ ಬಗ್ಗೆ ಮಾತ್ರ.

ಈಗ ವಾಕ್ಯಭಾಗಕ್ಕೆ ಬನ್ನಿ. ದಾವೀದ ಮಗ ಅಬ್ಷಾಲೋಮನಿಗೆ ಹೆದರಿ ಊರು ಬಿಟ್ಟು ಓಡಿದಾಗ ಮಹನಯಿಮಿನಲ್ಲಿ ಅವನಿಗೂ ಅವನ ಜನಕ್ಕೂ ಹಾಸಿಗೆ, ಪಾತ್ರೆ, ಗೋಧಿ, ಜೇನು, ಬೆಣ್ಣೆ ತಂದುಕೊಟ್ಟವರಲ್ಲಿ ಬರ್ಜಿಲ್ಲೈ ಒಬ್ಬ. ಯುದ್ಧ ಮುಗೀತು, ರಾಜ ವಾಪಸ್ ಹೊರಟ. ಎಂಬತ್ತು ವರ್ಷದ ಈ ಮುದುಕ ಅವನನ್ನು ಕಳಿಸಿಕೊಡೋಕೆ ಯೊರ್ದನ್ ಹೊಳೆವರೆಗೂ ಬಂದ. ರಾಜ ಹೇಳಿದ, ನನ್ ಜೊತೆ ಯೆರೂಸಲೇಮಿಗೆ ಬಾ, ನಿನ್ನನ್ನು ನಾನು ನೋಡ್ಕೊಳ್ತೀನಿ ಅಂತ. ಎಂಥಾ ಆಫರ್ ನೋಡಿ! ಅರಮನೆ ಊಟ, ಸಂಗೀತ, ಆಳುಕಾಳು. ಬರ್ಜಿಲ್ಲೈ ಒಲ್ಲೆ ಅಂದ. ನನಗೆ ಊಟದ ರುಚಿ ಗೊತ್ತಾಗಲ್ಲ, ಹಾಡು ಹೇಳೋರ ದನಿ ಕೇಳಿಸಲ್ಲ, ನಾನ್ಯಾಕೆ ನಿನಗೆ ಹೊರೆ ಆಗಲಿ, ಅಪ್ಪ ಅಮ್ಮನ ಸಮಾಧಿ ಇರೋ ನನ್ನೂರಲ್ಲೇ ಸಾಯ್ತೀನಿ ಅಂದ. ಬೇಕಾದ್ರೆ ಈ ಹುಡುಗ ಕಿಮ್ಹಾಮನನ್ನು ಕರ್ಕೊಂಡು ಹೋಗು ಅಂದ.

ದಾವೀದ ಏನು ಮಾಡಿದ? ಒತ್ತಾಯ ಮಾಡಲಿಲ್ಲ. ನಿನಗೆ ಗೊತ್ತಾಗಲ್ಲ ತಾತ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಅನ್ನಲಿಲ್ಲ. ನಿನಗೆ ಸರಿ ಕಂಡದ್ದನ್ನೇ ಮಾಡ್ತೀನಿ ಅಂದ, ಮುದ್ದಿಟ್ಟ, ಆಶೀರ್ವದಿಸಿದ, ಕಳಿಸಿಕೊಟ್ಟ. ರಾಜನ ಕೈಯಲ್ಲಿ ಅಷ್ಟೂ ಅಧಿಕಾರ ಇತ್ತು, ಆದರೂ ಒಬ್ಬ ಮುದುಕನ ‘ಬೇಡ’ಕ್ಕೆ ತಲೆಬಾಗಿದ. ಎಷ್ಟೋ ಸಾರಿ ಈ ಅಧ್ಯಾಯ ಓದಿ ನಾವು ಮುಂದೆ ಹೋಗಿಬಿಡ್ತೀವಿ.

ಈಗ ಇನ್ನೊಂದು ವಾಕ್ಯ ಪಕ್ಕದಲ್ಲಿ ಇಡಿ, ಯೋಹಾನ 21:18. ನೀನು ಚಿಕ್ಕವನಿದ್ದಾಗ ನೀನೇ ನಡು ಕಟ್ಟಿಕೊಂಡು ಬೇಕಾದ ಕಡೆ ತಿರುಗಾಡಿದೆ, ಮುದುಕನಾದಾಗ ಇನ್ನೊಬ್ಬರು ಕಟ್ಟಿ ನಿನಗೆ ಬೇಡದ ಕಡೆ ಒಯ್ಯುತ್ತಾರೆ ಅಂತ ಯೇಸು ಪೇತ್ರನಿಗೆ ಹೇಳ್ತಾನೆ. ಅದು ಪೇತ್ರನ ಸಾವಿನ ಬಗ್ಗೆ ಹೇಳಿದ ಮಾತು ಅಂತ ಮುಂದಿನ ವಚನದಲ್ಲೇ ಇದೆ, ನಿಜ. ಆದರೆ ವೃದ್ಧಾಶ್ರಮದಲ್ಲಿ ಬೆಳಗ್ಗೆ ಏಳು ಗಂಟೆಗೆ ಯಾರೋ ಬಂದು ಸೀರೆ ಉಡಿಸಿ, ಗಾಲಿಕುರ್ಚಿಗೆ ಕೂರಿಸಿ, ಹಾಲ್‌ಗೆ ತಳ್ಳಿಕೊಂಡು ಹೋಗೋ ಅಜ್ಜಿಗೆ ಆ ವಚನ ದಿನಾ ನಡೆಯುತ್ತೆ. ಹಾಲಲ್ಲಿ ನಾವು ಗಿಟಾರ್ ಹಿಡ್ಕೊಂಡು ನಿಂತಿರ್ತೀವಿ. ಅಜ್ಜಿ ಬಂದದ್ದು ನಮ್ಮನ್ನು ನೋಡೋಕಾ? ಅಥವಾ ತಳ್ಕೊಂಡು ಬಂದ್ರು ಅಂತಾನಾ?

ಬರ್ಜಿಲ್ಲೈಗೆ ಮನೆ ಇತ್ತು, ಆಸ್ತಿ ಇತ್ತು, ಬಾಯಲ್ಲಿ ಮಾತಿತ್ತು. ಅದಕ್ಕೇ ಅವನು ಒಲ್ಲೆ ಅಂದ. ಇಲ್ಲಿ ನಾಲ್ಕು ಮಂಚದ ರೂಮಲ್ಲಿ, ಒಂದು ಟ್ರಂಕ್ ಇಟ್ಕೊಂಡು ಕೂತಿರೋರಿಗೆ ಅದು ಅಷ್ಟು ಸುಲಭ ಅಲ್ಲ. ನೀವು ಬಿಸ್ಕತ್ ಕೊಟ್ಟಿರ್ತೀರಿ. ನಿಮಗೆ ಬೇಜಾರಾದ್ರೆ ಮುಂದಿನ ಸಲ ಬರ್ತೀರೋ ಇಲ್ವೋ. ಮೇಟ್ರನ್ ಪಕ್ಕದಲ್ಲೇ ನಿಂತಿರ್ತಾರೆ. ಹಾಗಾಗಿ ಏನು ಕೇಳಿದ್ರೂ ಉತ್ತರ ಒಂದೇ, ‘ಹೂಂ ಮಗ, ಆಯ್ತು ಮಗ’. ಆ ‘ಹೂಂ’ ಎಷ್ಟು ನಿಜ ಅನ್ನೋದೇ ನಮ್ಮ ಮುಂದಿರೋ ಪ್ರಶ್ನೆ.

ಈ ವಿಷಯದಲ್ಲಿ ನಾವು ಯೆಹೂದ್ಯರಿಂದ ತುಂಬಾ ಕಲೀಬಹುದು. ಹಳೇ ಒಡಂಬಡಿಕೆಯನ್ನು ಅವರು ನಮಗಿಂತ ಎಷ್ಟೋ ಶತಮಾನ ಮೊದಲಿಂದ ಓದಿಕೊಂಡು ಬಂದವರು. ನಮ್ಮ ಬಸ್ ಮೈಸೂರು ರಸ್ತೆ ಹಿಡಿದಾಗ ಗೋರಿಪಾಳ್ಯದ ಹತ್ತಿರ ಅವರದೊಂದು ಚಿಕ್ಕ ಸ್ಮಶಾನ ಸಿಗುತ್ತೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಬೆಂಗಳೂರಲ್ಲಿ ಅವರು ಯಾವತ್ತೂ ಬೆರಳೆಣಿಕೆ ಜನ. ಆದರೆ ದೊಡ್ಡ ಸಂಖ್ಯೆಯಲ್ಲಿರೋ ದೇಶಗಳಲ್ಲಿ ಅವರು ಹಿರಿಯರಿಗಾಗಿ ಮನೆಗಳನ್ನೇ ಕಟ್ಟಿದರು. ನ್ಯೂಯಾರ್ಕಿನಲ್ಲಿ 1917ರಲ್ಲಿ ಶುರುವಾದ ಹೀಬ್ರೂ ಹೋಮ್ ಈಗ ರಿವರ್‌ಡೇಲ್ ಅನ್ನೋ ಜಾಗದಲ್ಲಿದೆ. ಸ್ವಂತ ಮನೆಯವರಿಂದಲೇ ಹೊಡೆತ, ಮೋಸ ಅನುಭವಿಸಿದ ಮುದುಕರಿಗೆ ಆಶ್ರಯ ಕೊಡೋ ವ್ಯವಸ್ಥೆಯನ್ನು 2005ರಲ್ಲಿ ಅಲ್ಲಿ ಶುರು ಮಾಡಿದರು.

ಇಂಥ ಸೇವೆಯ ಹಿಂದೆ ಅವರ ರಬ್ಬಿಗಳ ಹಳೇ ಬೋಧನೆ ಇದೆ. ರೋಗಿಗಳನ್ನು ನೋಡೋಕೆ ಹೋಗೋದಕ್ಕೆ ಅವರು ಬಿಕುರ್ ಖೋಲಿಮ್ ಅಂತಾರೆ. ಅದಕ್ಕೆ ನಿಯಮಗಳಿವೆ. ಹಗಲಿನ ಮೊದಲ ಮೂರು ತಾಸು ಹೋಗಬೇಡ, ಕೊನೇ ಮೂರು ತಾಸೂ ಹೋಗಬೇಡ ಅಂತ ತಾಲ್ಮುದ್ ಹೇಳುತ್ತೆ. ಯಾಕೆ? ಬೆಳಗ್ಗೆ ರೋಗಿ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣ್ತಾನೆ, ಆಗ ನೋಡಿದ್ರೆ ಇವನಿಗೇನು ಪ್ರಾರ್ಥನೆ ಬೇಕಾಗಿಲ್ಲ ಅಂದ್ಕೊಳ್ತೀಯ. ಸಂಜೆ ಕುಸಿದಿರ್ತಾನೆ, ಆಗ ನೋಡಿದ್ರೆ ಇನ್ನು ಪ್ರಾರ್ಥಿಸಿ ಏನು ಪ್ರಯೋಜನ ಅಂತ ಕೈಬಿಡ್ತೀಯ. ಎಷ್ಟು ಸೂಕ್ಷ್ಮ ನೋಡಿ. ನಾವು ಟೈಮ್ ನಿರ್ಧಾರ ಮಾಡೋದು ಟ್ರಾಫಿಕ್ ನೋಡಿ.

ರಬ್ಬಿ ಅಕಿವನ ಶಿಷ್ಯನೊಬ್ಬ ಕಾಯಿಲೆ ಬಿದ್ದಿದ್ದ, ಯಾರೂ ನೋಡೋಕೆ ಹೋಗಿರಲಿಲ್ಲ. ಅಕಿವ ಹೋದ. ಅವನು ಹೋದದ್ದರಿಂದ ರೂಮಿನ ನೆಲ ಗುಡಿಸಿ ನೀರು ಚಿಮುಕಿಸಿದ್ರು, ಶಿಷ್ಯ ಚೇತರಿಸಿಕೊಂಡ. ಅಷ್ಟು ದೊಡ್ಡ ಬೋಧಕನ ಭೇಟಿಯ ಬಗ್ಗೆ ಅವರು ನೆನಪಿಟ್ಟದ್ದು ಅವನು ಮಾಡಿದ ಪ್ರಸಂಗವನ್ನಲ್ಲ, ಗುಡಿಸಿದ ನೆಲವನ್ನು.

ಇನ್ನೊಂದು ಬೋಧನೆ ನನ್ನನ್ನು ತುಂಬಾ ತಟ್ಟಿದ್ದು. ಮೋಶೆ ಸಿಟ್ಟಲ್ಲಿ ಒಡೆದುಹಾಕಿದ ಕಲ್ಲಿನ ಹಲಗೆಗಳು ಏನಾದವು? ಆ ಚೂರುಗಳನ್ನೂ ಹೊಸ ಹಲಗೆಗಳ ಜೊತೆ ಮಂಜೂಷದಲ್ಲೇ ಇಟ್ಟರು ಅಂತ ರಬ್ಬಿಗಳು ಹೇಳ್ತಾರೆ. ಅದಕ್ಕೇ, ಕಲಿತದ್ದನ್ನೆಲ್ಲ ಮರೆತುಹೋದ ಮುದುಕನಿಗೂ ಮರ್ಯಾದೆ ಕೊಡು ಅಂತಾರೆ. ಮರೆವಿನ ಕಾಯಿಲೆ ಬಂದ ತಾತನನ್ನು ಮಗು ಥರ ಮುದ್ದು ಮಾಡಿ ಮಾತಾಡಿಸೋಕೆ ಮುಂಚೆ ಇದು ನೆನಪಿರಲಿ. ಅವರು ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಲೇತ್ ಮುಂದೆ ಕೂತು ಆಲೆ ಮರಕ್ಕೆ ಅರಗಿನ ಬಣ್ಣ ಹಿಡಿಸಿದವರಿರಬಹುದು. ಹೆಸರು ಮರೆತಿರ್ತಾರೆ, ಒಂದು ಬೊಂಬೆ ಕೈಗೆ ಕೊಟ್ಟರೆ ಹೆಬ್ಬೆರಳು ತಾನಾಗೇ ನುಣುಪು ನೋಡುತ್ತೆ. ಆ ಕೈಗೆ ಕಲರಿಂಗ್ ಪುಸ್ತಕ ಕೊಟ್ಟು ಚಪ್ಪಾಳೆ ತಟ್ಟಬೇಡಿ.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ. ಒಬ್ಬ ಅಜ್ಜಿ ನಿಮ್ಮ ಕೈ ಹಿಡ್ಕೊಂಡು ನನ್ ಮಗ ಯಾವಾಗ ಬರ್ತಾನೆ ಅಂತ ಕೇಳ್ತಾರೆ. ಅವನು ತೀರಿಹೋಗಿ ಎಂಟು ವರ್ಷ ಆಗಿದೆ ಅಂದ್ಕೊಳ್ಳಿ. ಏನು ಹೇಳ್ತೀರಿ? ಕ್ರೈಸ್ತರು ಸುಳ್ಳು ಹೇಳಬಾರದು, ಸರಿ. ‘ಅಜ್ಜಿ, ಅವನು ಸತ್ತುಹೋಗಿದಾನೆ’ ಅಂತೀರಾ? ಅವರಿಗೆ ಅದು ಇವತ್ತೇ ಬಂದ ಸುದ್ದಿ. ನಾಳೆ ಮತ್ತೆ ಕೇಳ್ತಾರೆ, ನಾಳೆ ಮತ್ತೆ ಹೊಸದಾಗಿ ಸಾಯ್ತಾನೆ. ಒಬ್ಬ ತಾಯಿಗೆ ಮಗನ ಸಾವನ್ನು ದಿನಾ ಹೊಸದಾಗಿ ಕೊಡೋದು ಸತ್ಯವಂತಿಕೆ ಅಂತ ನಾನು ಒಪ್ಪಲ್ಲ. ಸರಿ, ‘ನಾಳೆ ಬರ್ತಾನೆ ಅಜ್ಜಿ’ ಅಂತೀರಾ? ಅವರು ಬ್ಯಾಗ್ ತುಂಬಿಸ್ಕೊಂಡು ಗೇಟ್ ಹತ್ತಿರ ಕೂರ್ತಾರೆ. ಸಂಜೆ ಒಳಗೆ ಕರ್ಕೊಂಡು ಬರೋ ಕಷ್ಟ ಅಲ್ಲಿಯ ಆಯಾಗೆ. ನೀವು ಅಷ್ಟೊತ್ತಿಗೆ ಕೆಂಗೇರಿ ದಾಟಿರ್ತೀರಿ.

ರಬ್ಬಿಗಳು ಇದರ ಬಗ್ಗೆಯೂ ಯೋಚಿಸಿದ್ರು. ಆದಿಕಾಂಡ 18ರಲ್ಲಿ ಸಾರಳು ನಗ್ತಾ ತನ್ನ ಯಜಮಾನನಿಗೂ ವಯಸ್ಸಾಯ್ತು ಅಂದ್ಕೊಳ್ತಾಳೆ. ದೇವರು ಅಬ್ರಹಾಮನಿಗೆ ಅದನ್ನು ಹೇಳೋವಾಗ ಗಂಡನ ವಯಸ್ಸಿನ ಮಾತು ಬಿಟ್ಟು, ಅವಳು ತನ್ನ ವಯಸ್ಸಿನ ಬಗ್ಗೆ ಹೇಳಿದಳು ಅಂತಷ್ಟೇ ಹೇಳ್ತಾನೆ. ಮನೆ ಸಮಾಧಾನಕ್ಕಾಗಿ ಮಾತನ್ನು ಸ್ವಲ್ಪ ಬದಲಿಸಬಹುದು ಅಂತ ಅವರು ಇದರಿಂದ ಕಲಿತರು. ನಾನು ಇದನ್ನು ನಿಮಗೆ ಲೈಸೆನ್ಸ್ ಅಂತ ಕೊಡ್ತಾ ಇಲ್ಲ. ಯಾಕಂದ್ರೆ ‘ನಾಳೆ ಬರ್ತಾನೆ’ ಅನ್ನೋ ಮಾತು ಎಷ್ಟೋ ಸಲ ಅಜ್ಜಿಯ ಸಮಾಧಾನಕ್ಕಲ್ಲ, ನಾವು ಕೈ ಬಿಡಿಸಿಕೊಂಡು ಪಕ್ಕದ ಮಂಚಕ್ಕೆ ಹೋಗೋಕೆ.

ಹಾಗಾದ್ರೆ? ಕೂತ್ಕೊಳ್ಳಿ. ‘ಮಗ ಅಂದ್ರೆ ತುಂಬಾ ಇಷ್ಟನಾ ಅಜ್ಜಿ? ಚಿಕ್ಕವನಿದ್ದಾಗ ಏನು ತಿಂತಿದ್ದ?’ ಅಂತ ಕೇಳಿ. ಸೊಪ್ಪಿನ ಸಾರು, ಮುದ್ದೆ, ಕಾಲುವೇಲಿ ಈಜಿದ್ದು, ಎಲ್ಲ ಬರುತ್ತೆ. ಆ ಪ್ರಶ್ನೆಯೊಳಗೆ ಇದ್ದದ್ದು ಹಂಬಲ, ಆ ಹಂಬಲ ಸುಳ್ಳಲ್ಲ, ಅದಕ್ಕೆ ನೀವು ನಿಜವಾಗಿ ಉತ್ತರ ಕೊಟ್ಟ ಹಾಗಾಯ್ತು. ಆದರೆ ಬುದ್ಧಿ ತಿಳಿಯಾಗಿರೋ ಹೊತ್ತಲ್ಲಿ ಅವರು ನಿಮ್ಮ ಮುಖ ನೋಡಿ, ಅವನು ಹೋಗಿಬಿಟ್ನಾ ಮಗ ಅಂತ ನೇರವಾಗಿ ಕೇಳಿದ್ರೆ ಸುಳ್ಳು ಹೇಳಬೇಡಿ. ಅದಕ್ಕೇ ಮೊದಲೇ ಅಲ್ಲಿಯ ನರ್ಸ್ ಹತ್ತಿರ, ಮನೆಯವರು ಇದ್ರೆ ಅವರ ಹತ್ತಿರ, ಯಾರಿಗೆ ಏನು ಹೇಳಿದ್ದಾರೆ ಅಂತ ಕೇಳಿಕೊಂಡು ಒಳಗೆ ಹೋಗಿ. ತಿಂಗಳಿಗೊಂದು ಸಲ ಬರೋ ನೀವು ಅದನ್ನು ನಿಮ್ಮ ಮನಸ್ಸಿಗೆ ಬಂದ ಹಾಗೆ ತೀರ್ಮಾನ ಮಾಡೋ ಹಾಗಿಲ್ಲ.

ಇನ್ನು ಪ್ರಾರ್ಥನೆ. ಕೆಲವರ ಮುಖದಲ್ಲಿ ಪ್ರಶ್ನೆ ಕಾಣ್ತಾ ಇದೆ, ಪಾಸ್ಟರ್‌ಗೆ ಸುವಾರ್ತೆ ಬಗ್ಗೆ ನಾಚಿಕೆನಾ ಅಂತ. ಇಲ್ಲ. ಆದರೆ ಕರ್ತನು ಹೇಗೆ ಮಾಡಿದ ಅಂತ ನೋಡಿ. ಕುರುಡ ಬಾರ್ತಿಮಾಯನಿಗೆ ಏನು ಬೇಕು ಅಂತ ಯಾರಿಗಾದ್ರೂ ಗೊತ್ತಾಗ್ತಿತ್ತು, ಆದರೂ ಯೇಸು ಅವನ ಬಾಯಿಂದಲೇ ಕೇಳಿದ. ಬೇತ್ಸಥಾ ಕೊಳದ ಹತ್ತಿರ ಮೂವತ್ತೆಂಟು ವರ್ಷದಿಂದ ಬಿದ್ದಿದ್ದವನಿಗೂ ನಿನಗೆ ಸ್ವಸ್ಥವಾಗೋ ಮನಸ್ಸಿದೆಯಾ ಅಂತ ಕೇಳಿದ. ದೇವಕುಮಾರನೇ ಕೇಳಿ ಮುಂದುವರಿದ ಮೇಲೆ ನಾವು ಕೇಳದೆ ತಲೆ ಮೇಲೆ ಕೈ ಇಡೋದು ಯಾವ ಅಭಿಷೇಕ?

ಕೇಳಿದ್ರೂ ಸಾಲಲ್ಲ. ತಟ್ಟೆ ಹಿಡಿದ ಕೈ ಕೇಳಿದ್ರೆ ಉತ್ತರ ‘ಹೂಂ’ ಅಂತಲೇ ಬರುತ್ತೆ ಅಂತ ಆಗಲೇ ಹೇಳಿದೆ. ಅದಕ್ಕೆ ಊಟ ಬಡಿಸೋ ಹೊತ್ತಲ್ಲಿ ಕೇಳಬೇಡಿ, ಹತ್ತು ಜನ ಸುತ್ತ ನಿಂತು ಕೇಳಬೇಡಿ. ಬೇಡ ಅಂದ್ರೂ ಮುಂದಿನ ಶನಿವಾರ ಇದೇ ಹುಡುಗಿ ಇದೇ ಬಾಳೆಹಣ್ಣು ತಗೊಂಡು ಬರ್ತಾಳೆ ಅನ್ನೋದು ಅವರಿಗೆ ಖಾತ್ರಿ ಆಗೋವರೆಗೂ ಅವರ ‘ಹೂಂ’ ಅವರದ್ದಲ್ಲ. ದಿಂಬಿನ ಪಕ್ಕ ಮಂಜುನಾಥನ ಫೋಟೋ ಇರಬಹುದು, ತಸ್ಬಿ ಮಣಿ ಇರಬಹುದು. ಮುಟ್ಟಬೇಡಿ. ಈ ರಾಮನಗರ ಚನ್ನಪಟ್ಟಣದ ಕಡೆ ಉರ್ದು ಮಾತಾಡೋ ಅಜ್ಜಿಯರು ಬಹಳ. ಅಪೊಸ್ತಲರ ಕೃತ್ಯ 6ರಲ್ಲಿ ಸಭೆಯೊಳಗೆ ಮೊದಲ ಗುಣುಗುಟ್ಟುವಿಕೆ ಎದ್ದದ್ದೇ ಬೇರೆ ಭಾಷೆಯ ವಿಧವೆಯರನ್ನು ದಿನದ ಊಟದ ಹಂಚಿಕೆಯಲ್ಲಿ ಕಡೆಗಣಿಸಿದ್ರು ಅಂತ.

ಒಂದು ಸಲ ತಿರುಗಿಸಿ ನೋಡಿ. ನಿಮ್ಮ ತಾಯಿ ಪಾರ್ಕಿನ್ಸನ್ಸ್ ಬಂದು ಬೇರೆ ಧರ್ಮದವರು ನಡೆಸೋ ಮನೆಯಲ್ಲಿ ಮಲಗಿದ್ದಾರೆ. ತುಂಬಾ ಒಳ್ಳೇ ಹುಡುಗರು ಬರ್ತಾರೆ, ತಿನ್ನಿಸ್ತಾರೆ, ಆಮೇಲೆ ಅವರ ಕೈ ಜೋಡಿಸಿ ತಮ್ಮ ಮಂತ್ರ ಹೇಳಿಸ್ತಾರೆ. ನೀವು ಸುಮ್ಮನಿರ್ತೀರಾ?

ಅಜ್ಜಿ ತಾವಾಗೇ ಪ್ರಾರ್ಥನೆ ಮಾಡು ಮಗ ಅಂದ್ರೆ ಖಂಡಿತ ಮಾಡಿ. ಮೆಲ್ಲಗೆ. ಪಕ್ಕದ ಮಂಚದವರು ಮಲಗಿರ್ತಾರೆ, ನಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಯ ವಾಲ್ಯೂಮ್ ಅಲ್ಲಿ ಬೇಡ. ಮತ್ತೆ ಇದನ್ನು ಖಂಡಿತವಾಗಿ ಹೇಳ್ತೀನಿ: ವಿಶ್ವಾಸ ಇಡಿ, ಮಾತ್ರೆ ನಿಲ್ಲಿಸಿ ಅಂತ ಯಾರಿಗೂ ಹೇಳೋ ಅಧಿಕಾರ ನಿಮಗಿಲ್ಲ, ನನಗೂ ಇಲ್ಲ. ಬಿಪಿ ಮಾತ್ರೆ, ಇನ್ಸುಲಿನ್, ಫಿಟ್ಸ್ ಮಾತ್ರೆ, ಇವು ಡಾಕ್ಟರ್ ಕೈಯಲ್ಲಿರೋ ವಿಷಯ. ದೇವರು ಸ್ವಸ್ಥ ಮಾಡ್ತಾನೆ ಅಂತ ನಾನು ನಂಬ್ತೀನಿ, ಕಂಡಿದೀನಿ. ಅದಕ್ಕೆ ಅಜ್ಜಿಯ ಮಾತ್ರೆ ಡಬ್ಬಿ ಅಡ್ಡ ಬರಲ್ಲ. ಕೇಕ್ ಕೂಡ ಅಷ್ಟೇ. ಸಕ್ಕರೆ ಕಾಯಿಲೆ ಇರೋರ ಮುಂದೆ ಕ್ರೀಮ್ ಕೇಕ್ ಕತ್ತರಿಸಿ ಅವರಿಗೆ ಚಪ್ಪಾಳೆ ಮಾತ್ರ ಕೊಡೋದು ಯಾವ ಹುಟ್ಟುಹಬ್ಬ?

ಫೋಟೋ ಬಗ್ಗೆ ಹೆಚ್ಚು ಹೇಳಲ್ಲ. ನೋಹ ಡೇರೆಯೊಳಗೆ ಬಟ್ಟೆ ಇಲ್ಲದೆ ಬಿದ್ದಿದ್ದಾಗ ಹಾಮ್ ನೋಡಿ ಹೊರಗೆ ಬಂದು ಹೇಳಿದ. ಶೇಮ್, ಯೆಫೆತ್ ಬಟ್ಟೆ ಹಿಡ್ಕೊಂಡು ಹಿಮ್ಮುಖವಾಗಿ ನಡೆದುಹೋಗಿ, ಅಪ್ಪನ ಕಡೆ ತಿರುಗದೆ ಮುಚ್ಚಿದ್ರು. ಇನ್‌ಸ್ಟಾಗ್ರಾಮಿಗೆ ಹಾಕೋ ಮುಂಚೆ ನಾವು ಯಾವ ಮಗನ ಜಾಗದಲ್ಲಿ ನಿಂತಿದೀವಿ ಅಂತ ನೋಡ್ಕೊಳ್ಳಿ.

ಮಾಗಡಿ ತಾಲ್ಲೂಕಿನ ಹುಲಿಕಲ್ ಸಾಲುಮರದ ತಿಮ್ಮಕ್ಕ ನಿಮಗೆಲ್ಲ ಗೊತ್ತು, 2019ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿರಲಿಲ್ಲ. ಅವರೂ ಯಜಮಾನರು ಚಿಕ್ಕಯ್ಯನವರೂ ಹುಲಿಕಲ್‌ನಿಂದ ಕುದೂರಿನವರೆಗೆ ಆಲದ ಸಾಲು ಬೆಳೆಸಿದ್ರು, 385 ಮರ ಅಂತಾರೆ. ಗಿಡ ನೆಡೋದು ಒಂದು ದಿನದ ಕೆಲಸ. ಅವರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು ವರ್ಷಗಟ್ಟಲೆ. ನಲವತ್ತು ಜನ ಒಂದು ಬಸ್ಸಲ್ಲಿ ಹೋಗೋದಕ್ಕಿಂತ ಇಬ್ಬಿಬ್ಬರು ಎರಡು ವಾರಕ್ಕೊಮ್ಮೆ ಟ್ರೈನಲ್ಲಿ ಹೋಗೋದು ನನಗೆ ಇಷ್ಟ. ಬರ್ತೀನಿ ಅಂದ ದಿನ ಬರದೇ ಇದ್ರೆ ಅಲ್ಲಿ ಯಾರೋ ಒಬ್ಬರು ಮಧ್ಯಾಹ್ನವೆಲ್ಲ ಬಾಗಿಲು ನೋಡಿರ್ತಾರೆ.

ಹೋದಾಗ ಹಾಡಿಗಿಂತ ಉಪಯೋಗದ ಕೆಲಸ ಎಷ್ಟೋ ಇದೆ. ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡಿದ ಹೆಂಗಸರ ಕೈ ನೋಡಿ, ಬಿಸಿನೀರಲ್ಲಿ ಗೂಡು ತಿರುವಿ ತಿರುವಿ ಬೆರಳ ಗೆರೆ ಸವೆದಿರುತ್ತೆ. ಆಧಾರ್ ಯಂತ್ರಕ್ಕೆ ಹೆಬ್ಬೆಟ್ಟು ಸಿಗಲ್ಲ, ಸಂಧ್ಯಾ ಸುರಕ್ಷಾ ಪಿಂಚಣಿ ಸಿಕ್ಕಿಹಾಕ್ಕೊಳ್ಳುತ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ನೀವು ನಾಡಕಚೇರಿಗೆ ಒಂದು ದಿನ ಜೊತೆಗೆ ಹೋಗಬಹುದಲ್ವಾ?

ಆದರೆ ಹೆಬ್ಬೆಟ್ಟಿನ ವಿಷಯದಲ್ಲಿ ಎಚ್ಚರ. ಯಾವ ಅಜ್ಜಿ ತಾತನ ಹತ್ತಿರವೂ ಉಂಗುರ, ದುಡ್ಡು, ಉಡುಗೊರೆ ತಗೋಬೇಡಿ. ಅವರ ವಿಲ್‌ಗೆ ಸಾಕ್ಷಿ ಹಾಕಬೇಡಿ. ಸಭೆಗೆ ಬರೆದುಕೊಡ್ತೀನಿ ಅಂದ್ರೂ ನನ್ನ ಹತ್ತಿರ ತರಬೇಡಿ. 2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಆ ದಾರಿಯುದ್ದಕ್ಕೂ ಜಮೀನಿನ ಬೆಲೆ ಏನಾಗಿದೆ ನಿಮಗೆ ಗೊತ್ತು. ಮಕ್ಕಳ ಹೆಸರಿಗೆ ಬರೆದುಕೊಟ್ಟು ಆಮೇಲೆ ಹೊರಗೆ ಬಿದ್ದವರಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಜಿಲ್ಲೆ ಆದದ್ದು 2007ರಲ್ಲಿ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆ ಬಂದದ್ದೂ 2007ರಲ್ಲೇ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು ಮಕ್ಕಳು ನೋಡಿಕೊಳ್ಳದಿದ್ರೆ, 23ನೇ ಕಲಮಿನಲ್ಲಿ ಆ ಪತ್ರ ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಸಾಕು. ಯಾರಾದರೂ ಕೇಳಿದ್ರೆ ಈ ಮಾಹಿತಿ ಕೊಡಿ, 14567 ಸಹಾಯವಾಣಿ ನಂಬರ್ ಬರೆದುಕೊಡಿ. ಅವರ ಮನೆ ಜಗಳದಲ್ಲಿ ನೀವು ವಕೀಲರಾಗಬೇಡಿ.

ಕೊನೆಯದು, ಇದು ನಿಮಗೆ ಇಷ್ಟ ಆಗದೇ ಇರಬಹುದು. ಮಾರ್ಕ 7ರಲ್ಲಿ ಯೇಸು ಒಂದು ಪದ್ಧತಿ ಬಗ್ಗೆ ಸಿಟ್ಟಾಗ್ತಾನೆ. ಅಪ್ಪ ಅಮ್ಮನಿಗೆ ಹೋಗಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಕಾಣಿಕೆ ಅಂತ ಹೇಳಿ ಕೈ ತೊಳ್ಕೊಳ್ಳೋ ಪದ್ಧತಿ. ನಿಮ್ಮಲ್ಲಿ ಅನೇಕರ ತಂದೆ ತಾಯಿ ಊರಲ್ಲಿದ್ದಾರೆ, ಕನಕಪುರದ ಕಡೆಯವರು, ಕುಣಿಗಲ್ ಕಡೆಯವರು, ಮಂಡ್ಯದವರು. ಅಮ್ಮನ ಮೊಣಕಾಲು ಚಿಕಿತ್ಸೆ ಎರಡು ವರ್ಷದಿಂದ ಮುಂದಕ್ಕೆ ಹೋಗ್ತಾ ಇದೆ, ಇಲ್ಲಿ ನೀವು ಸೌಂಡ್ ಸಿಸ್ಟಮ್‌ಗೆ ವಿಶೇಷ ಕಾಣಿಕೆ ಹಾಕ್ತೀರಿ. ಆ ದುಡ್ಡು ಈ ಸಭೆಗೆ ಬೇಡ. ಪಾಸ್ಟರ್ ಹೇಳಿದ್ರು ಅಂತ ಮನೆಗೆ ಕಳಿಸಿ.

ದುಡ್ಡು ಕಳಿಸಿದ್ರೆ ಮುಗೀತು ಅಂತಲೂ ಅಂದ್ಕೋಬೇಡಿ. ರಬ್ಬಿಗಳ ಒಂದು ಕಥೆ ಇದೆ. ಒಬ್ಬ ಮಗ ಅಪ್ಪನಿಗೆ ದಿನಾ ಕೊಬ್ಬಿದ ಕೋಳಿ ತಿನ್ನಿಸ್ತಿದ್ದ. ಇದೆಲ್ಲ ಎಲ್ಲಿಂದ ತಂದೆ ಮಗನೇ ಅಂತ ಅಪ್ಪ ಕೇಳಿದ್ದಕ್ಕೆ ನಾಯಿ ಹಾಗೆ ಸುಮ್ಮನೆ ತಿನ್ನು ಅಂತ ಗದರಿದ. ಇನ್ನೊಬ್ಬ ಮಗ ಬೀಸೋ ಕಲ್ಲಿನ ಕೆಲಸದವನು. ರಾಜನ ಬಿಟ್ಟಿ ಕೆಲಸಕ್ಕೆ ಅಪ್ಪನಿಗೆ ಕರೆ ಬಂತು. ನೀನು ಇಲ್ಲಿ ನನ್ನ ಬದಲು ಬೀಸಪ್ಪ, ನಾನು ಅಲ್ಲಿಗೆ ಹೋಗ್ತೀನಿ, ಅವಮಾನ ಹೊಡೆತ ಏನಿದ್ರೂ ನನಗೇ ಬರಲಿ ಅಂದ. ಕೋಳಿ ತಿನ್ನಿಸಿದವನು ನರಕಕ್ಕೆ, ಕಲ್ಲು ಬೀಸಿಸಿದವನು ಪರದೈಸಿಗೆ ಅಂತಾರೆ.

ಸರಿ. ಹಿಂದಿನ ಟೇಬಲ್ ಮೇಲೆ ಹಾಳೆ ಇಟ್ಟಿದೀನಿ. ಇಬ್ಬಿಬ್ಬರ ಹೆಸರು ಬರೀರಿ, ಆರು ತಿಂಗಳು ತಪ್ಪದೆ ಬರೋಕೆ ಆಗೋರು ಮಾತ್ರ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೂ ಅವರು ಮಲಗ್ತಾರೆ, ಆಗ ಬೇಡ. ಉರ್ದು ಬರೋರು ಇದ್ರೆ ನನಗೆ ಹೇಳಿ. ಪೊರಕೆ ಅಲ್ಲೇ ಇದೆ, ತರೋದು ಬೇಡ.

ಪ್ರಾರ್ಥನೆಗೆ ಎದ್ದು ನಿಲ್ಲೋಣ.